ಗಲ್ಫಿನ ಸಂತೆ ಮತ್ತು ನಮ್ಮ ಲೆಕ್ಕ

(ಸೌದಿ ಅರೇಬಿಯಾದ ಪೂರ್ವ ಪ್ರಾಂತ್ಯದಲ್ಲಿ ನೆಲೆಸಿರುವ ಕರಾವಳಿ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದಿನ ವಿಷಯ ತೀರಾ ಸಾಮಾನ್ಯವಾದುದೆಂದು ಕೆಲವರಿಗೆ ಅನಿಸಿರಬಹುದು. ಮನೆಗೆ ಅಕ್ಕಿ, ಮೀನು, ಸಾಬೂನು ಖರೀದಿಸುವುದರ ಕುರಿತೂ ಭಾಷಣ ಬೇಕೇ ಎಂದು ಕೇಳಿದವರಿದ್ದಾರೆ. ಆದರೆ ಈ ಸಭೆ ಮುಗಿದೊಡನೆ ನಮ್ಮಲ್ಲಿ ಹೆಚ್ಚಿನವರು ನೇರವಾಗಿ ಹೋಗುವುದು ಹೈಪರ್ ಮಾರ್ಕೆಟಿಗೆ ಎಂಬುದು ನಮಗೆಲ್ಲರಿಗೂ ಗೊತ್ತು. ಹೊರಗೆ ಬೆಂಕಿಯಂತಹ ಬಿಸಿಲು, ಒಳಗೆ ತಣ್ಣನೆಯ ಗಾಳಿ. ಮಕ್ಕಳಿಗೆ ಅದುವೇ ಆಟದ ಬಯಲು, ವಾರವಿಡೀ ನಾಲ್ಕು ಗೋಡೆಗಳ ಮಧ್ಯೆ ಕಳೆದ ಗೃಹಿಣಿಗೆ ಅದುವೇ ತಿರುಗಾಟ, ನಮಗೆ ಅದುವೇ ಊರವರನ್ನು ಭೇಟಿಯಾಗುವ ಜಗಲಿ. ನಾವು ಈ ನಾಡಿಗೆ ಬಂದದ್ದು ದುಡಿಯಲಿಕ್ಕೆ. ಆ ದುಡಿಮೆಯ ಹಣ ಯಾವ ಬಾಗಿಲಿನಿಂದ ಹೊರಹೋಗುತ್ತಿದೆಯೋ ಆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಆಲೋಚಿಸುವುದು ಸಣ್ಣ ಕೆಲಸವೇನಲ್ಲ.

ಗಲ್ಫಿನ ಸಾಮಾನುಗಳೊಂದಿಗೆ ನಮ್ಮ ಕರಾವಳಿಗಿರುವ ನಂಟು ಹಳೆಯದು. 1973ರ ತೈಲ ಬೆಲೆಯೇರಿಕೆಯ ನಂತರ ಈ ನಾಡುಗಳಲ್ಲಿ ಕೆಲಸದ ಬಾಗಿಲು ವಿಶಾಲವಾಗಿ ತೆರೆದುಕೊಂಡಿತು. ಮಂಗಳೂರು, ಉಡುಪಿ, ಭಟ್ಕಳದ ಯುವಕರು ಹೊರಟು ಬಂದರು. ಎರಡು ವರ್ಷಗಳಿಗೊಮ್ಮೆ ಅವರು ಊರಿಗೆ ಮರಳುವಾಗ ಅವರೊಂದಿಗೆ ಹಗ್ಗದಿಂದ ಬಿಗಿದ ರಟ್ಟಿನ ಪೆಟ್ಟಿಗೆ ಬರುತ್ತಿತ್ತು. ಅದರ ಮೇಲೆ ದಪ್ಪ ಅಕ್ಷರಗಳಲ್ಲಿ ಹೆಸರು ಮತ್ತು ಊರು. ಒಳಗೆ ನಿಡೋ ಹಾಲಿನ ಹುಡಿ, ಟ್ಯಾಂಗ್, ಬಾದಾಮಿ, ಖರ್ಜೂರ, ಅತ್ತರು, ನೋವಿನೆಣ್ಣೆಯ ಶೀಶೆಗಳು, ದಪ್ಪ ಕಂಬಳಿ, ಟೇಪ್ ರೆಕಾರ್ಡರ್. 2006ರಲ್ಲಿ ಮಂಗಳೂರು ಮತ್ತು ದುಬೈ ನಡುವೆ ನೇರ ವಿಮಾನ ಆರಂಭವಾಗುವ ವರೆಗೆ ಹೆಚ್ಚಿನವರು ಮುಂಬೈಯಲ್ಲಿಳಿದು, ಕಸ್ಟಮ್ಸ್ ದಾಟಿ, ಆ ಪೆಟ್ಟಿಗೆಯನ್ನು ಬಸ್ಸಿನ ಮೇಲೇರಿಸಿ ಊರು ಸೇರುತ್ತಿದ್ದರು. ಅಂದು ಆ ಪೆಟ್ಟಿಗೆಗೆ ಅರ್ಥವಿತ್ತು. ಅದರಲ್ಲಿದ್ದ ಹಲವು ವಸ್ತುಗಳು ನಮ್ಮ ಪೇಟೆಗಳಲ್ಲಿ ಸಿಗುತ್ತಿರಲಿಲ್ಲ. ಸಿಕ್ಕಿದರೂ ನಮ್ಮ ಮನೆಯವರ ಕೈಗೆ ಎಟಕುತ್ತಿರಲಿಲ್ಲ.

ಇಂದಿನ ಸ್ಥಿತಿಯೇ ಬೇರೆ. ಅದೇ ಹಾಲಿನ ಹುಡಿ, ಅದೇ ಚಾಕಲೇಟು, ಅದೇ ಬಾದಾಮಿ ಮಂಗಳೂರಿನ ಅಂಗಡಿಯಲ್ಲಿವೆ. ಫೋನಿನಲ್ಲಿ ಬೆರಳೊತ್ತಿದರೆ ಹಳ್ಳಿಯ ಮನೆಯ ಅಂಗಳಕ್ಕೂ ಬರುತ್ತವೆ. ಆದರೂ ಪೆಟ್ಟಿಗೆ ನಿಂತಿಲ್ಲ. ಒಂದು ಕಾಲದಲ್ಲಿ ನಮ್ಮವರು ಗೋಡೆಗೆ ನೇತುಹಾಕುವ ಟಿ.ವಿ.ಯನ್ನೂ ಹೊತ್ತು ಹೋಗುತ್ತಿದ್ದರು. 2013ರ ಆಗಸ್ಟ್ 26ರಿಂದ ಭಾರತ ಸರಕಾರವು ಅದನ್ನು ಸುಂಕರಹಿತ ಸಾಮಾನಿನ ಪಟ್ಟಿಯಿಂದ ಹೊರಗಿಟ್ಟು ಶೇ. 35ರ ಸುಂಕ ವಿಧಿಸಿದ ಮೇಲೆಯೇ ಅದು ಕಡಿಮೆಯಾಯಿತು. ಅಂದರೆ ನಾವು ನಿಲ್ಲಿಸಿದ್ದು ವಿವೇಕದಿಂದಲ್ಲ, ಸುಂಕದ ಭಯದಿಂದ. ರಜೆಯ ದಿನ ನಿಗದಿಯಾದೊಡನೆ ನಮ್ಮ ಮನಸ್ಸಿನಲ್ಲಿ ಒಂದು ಪಟ್ಟಿ ಸಿದ್ಧವಾಗುತ್ತದೆ. ಅಕ್ಕನ ಮನೆಗೆ ಏನು, ಭಾವನಿಗೆ ಏನು, ನೆರೆಮನೆಯವರಿಗೆ ಏನು? ಬರಿಗೈಯಲ್ಲಿ ಹೋದರೆ ಜನರು ಏನೆನ್ನುವರು? ಈ ಒಂದು ಪ್ರಶ್ನೆಗೆ ಉತ್ತರ ಕೊಡಲಿಕ್ಕಾಗಿ ಮೂರು ತಿಂಗಳ ಸಂಬಳ ತೆತ್ತವರು ನಮ್ಮ ನಡುವೆಯೇ ಇದ್ದಾರೆ. ಊರಿನವರು ಅದನ್ನು ಕೇಳಿಯೇ ಇರುವುದಿಲ್ಲ ಎಂಬುದು ಇಲ್ಲಿನ ವಿಪರ್ಯಾಸ.

ಇಲ್ಲಿಗೆ ಬಂದ ಹೊಸತರಲ್ಲಿ ನಾವೆಲ್ಲರೂ ಒಂದು ಹಂತವನ್ನು ದಾಟಿದ್ದೇವೆ. ಪ್ರತಿಯೊಂದು ವಸ್ತುವಿನ ಮುಂದೆಯೂ ನಿಂತು ರಿಯಾಲನ್ನು ರೂಪಾಯಿಗೆ ಗುಣಿಸುತ್ತಿದ್ದೆವು. ಒಂದು ಸೇಬಿಗೆ ಇಷ್ಟು ರೂಪಾಯಿಯೇ ಎಂದು ಅದನ್ನು ಮರಳಿ ಇಟ್ಟುಬಿಡುತ್ತಿದ್ದೆವು. ಅರಬಿ ಅಂಕಿಗಳೂ ನಮ್ಮನ್ನು ಪೇಚಿಗೆ ಸಿಲುಕಿಸುತ್ತಿದ್ದವು. ಅವರ ಐದು ನಮ್ಮ ಸೊನ್ನೆಯಂತಿರುತ್ತದೆ, ಅವರ ಸೊನ್ನೆ ಒಂದು ಚುಕ್ಕೆ ಮಾತ್ರ. ಹಳೆಯ ಸೂಕಿನಲ್ಲಿ ಬೆಲೆಯ ಚೀಟಿಯನ್ನು ತಪ್ಪಾಗಿ ಓದಿ ಗಲ್ಲಾದ ಮುಂದೆ ನಾಚಿಕೊಂಡವರು ನಾವು. ಕಾಲಕ್ರಮೇಣ ಅಂಕಿ ಓದಲು ಕಲಿತೆವು. ಆದರೆ ಗುಣಿಸುವುದನ್ನು ಬಿಟ್ಟುಬಿಟ್ಟೆವು. ಈ ಎರಡು ಹಂತಗಳಲ್ಲಿಯೂ ಅಪಾಯವಿದೆ.

ಮೊದಲ ಹಂತದಲ್ಲಿಯೇ ಉಳಿದುಬಿಟ್ಟ ಸಹೋದರರ ಬಗ್ಗೆ ಮೊದಲು ಹೇಳಬೇಕು. ಕಾರ್ಮಿಕ ಶಿಬಿರಗಳಲ್ಲಿ, ಆರೆಂಟು ಮಂದಿ ಒಟ್ಟಾಗಿ ಮಲಗುವ ಕೋಣೆಗಳಲ್ಲಿ ಬದುಕುವವರು ಅವರು. ಬೆಳಿಗ್ಗೆ ಕುಬೂಸ್ ಮತ್ತು ಚಹಾ, ಮಧ್ಯಾಹ್ನ ಕುಬೂಸ್ ಮತ್ತು ಬೇಳೆ ಸಾರು, ರಾತ್ರಿ ಉಳಿದ ಕುಬೂಸ್. ಹಣ್ಣು ತಿಂದರೆ ಮಗಳ ಶಾಲೆಯ ಶುಲ್ಕ ಕಡಿಮೆಯಾದೀತೆಂಬ ಭಯ. ದಣಿವು ನೀಗಿಸಲು ತಂಪು ಪಾನೀಯ, ನಿದ್ದೆ ತಡೆಯಲು ಎನರ್ಜಿ ಡ್ರಿಂಕ್. 2017ರ ಜೂನ್‌ನಲ್ಲಿ ಸೌದಿ ಸರಕಾರವು ತಂಪು ಪಾನೀಯಗಳ ಮೇಲೆ ಶೇ. 50 ಮತ್ತು ಎನರ್ಜಿ ಡ್ರಿಂಕ್‌ಗಳ ಮೇಲೆ ಶೇ. 100ರಷ್ಟು ತೆರಿಗೆ ಹಾಕಿದ್ದು ಸುಮ್ಮನೆ ಅಲ್ಲ. ಮಧುಮೇಹ ಮತ್ತು ಬೊಜ್ಜು ಈ ನಾಡಿನ ದೊಡ್ಡ ಆರೋಗ್ಯ ಸಮಸ್ಯೆಗಳಾಗಿವೆ. ನಲ್ವತ್ತು ದಾಟುವ ಮೊದಲೇ ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ಹೊತ್ತು ಊರಿಗೆ ಮರಳಿದವರು ನಮ್ಮ ಪ್ರತಿಯೊಂದು ಮೊಹಲ್ಲಾದಲ್ಲಿಯೂ ಸಿಗುತ್ತಾರೆ. ಹೊಟ್ಟೆಗೆ ತಿನ್ನದೆ ಉಳಿಸಿದ ಹಣ ಕೊನೆಗೆ ಆಸ್ಪತ್ರೆಯ ಪಾಲಾದರೆ ಅದನ್ನು ಉಳಿತಾಯವೆಂದು ಕರೆಯಬಹುದೇ? ಮನೆಯವರಿಗೆ ನಾವು ಕಳುಹಿಸುವ ಹಣಕ್ಕಿಂತ ನಾವು ಆರೋಗ್ಯವಂತರಾಗಿ ಮರಳುವುದು ದೊಡ್ಡದು. ಆದ್ದರಿಂದ ಒಂಟಿಯಾಗಿರುವ ಸಹೋದರರೇ, ಒಂದು ಲೋಟ ಹಾಲು ಅಥವಾ ಲಬನ್, ಒಂದು ಹಣ್ಣು, ವಾರಕ್ಕೆರಡು ಸಲ ಮೀನು, ಇವು ನಿಮ್ಮ ಶರೀರಕ್ಕೆ ನೀವು ಸಲ್ಲಿಸಬೇಕಾದ ಹಕ್ಕು. ಅದನ್ನು ದುಂದುವೆಚ್ಚವೆಂದು ಭಾವಿಸಬೇಡಿ.

ಇನ್ನು ಎರಡನೆಯ ಹಂತಕ್ಕೆ ಬರೋಣ. ಅದು ಕುಟುಂಬದೊಂದಿಗಿರುವ ನಮ್ಮ ಹಂತ. ಇಲ್ಲಿನ ಕಪಾಟುಗಳಲ್ಲಿ ಜಗತ್ತೇ ಬಂದು ಕುಳಿತಿದೆ. ಬ್ರೆಜಿಲ್‌ನ ಕೋಳಿ, ಆಸ್ಟ್ರೇಲಿಯಾದ ಕುರಿಮಾಂಸ, ಭಾರತದ ಅಕ್ಕಿ, ಈಜಿಪ್ಟಿನ ಕಿತ್ತಳೆ, ಫಿಲಿಪ್ಪೀನ್ಸಿನ ಬಾಳೆಹಣ್ಣು. ಐದು ವಸ್ತುಗಳ ಪಟ್ಟಿ ಹಿಡಿದು ಹೋದವರು ತುಂಬಿದ ಟ್ರಾಲಿಯೊಂದಿಗೆ ಹೊರಬರುತ್ತೇವೆ. ಒಂದಕ್ಕೊಂದು ಉಚಿತ ಎಂಬ ಫಲಕ ಕಂಡಲ್ಲಿ ಕೈ ತಾನಾಗಿ ಚಾಚುತ್ತದೆ. ಹತ್ತು ರಿಯಾಲಿಗೆ ಐದು ಹಲಾಲ ಕಡಿಮೆ ಎಂದು ಬರೆದರೆ ನಮಗೆ ಅದು ಒಂಬತ್ತು ರಿಯಾಲಿನಂತೆ ಕಾಣುತ್ತದೆ. ಹಾಲು ಮತ್ತು ಕುಬೂಸ್ ಅಂಗಡಿಯ ಕೊನೆಯ ಮೂಲೆಯಲ್ಲಿರುವುದೂ ಚಾಕಲೇಟು ಗಲ್ಲಾದ ಬದಿಯಲ್ಲಿ ಮಗುವಿನ ಕಣ್ಣಿನ ಎತ್ತರದಲ್ಲಿರುವುದೂ ಆಕಸ್ಮಿಕವಲ್ಲ. ಅದು ವ್ಯಾಪಾರದ ಶಾಸ್ತ್ರ. ವ್ಯಾಪಾರಿ ತನ್ನ ಕೆಲಸವನ್ನು ಚೆನ್ನಾಗಿ ಕಲಿತಿದ್ದಾನೆ. ಕಲಿಯಬೇಕಾದವರು ನಾವು.

ಒಂದು ಸರಳ ಲೆಕ್ಕವನ್ನು ನಿಮ್ಮ ಮುಂದಿಡುತ್ತೇವೆ. ತಿಂಗಳಿಗೆ 3,000 ರಿಯಾಲ್ ಸಂಬಳ ಪಡೆಯುವ ಒಬ್ಬ ಸಹೋದರರನ್ನು ಕಲ್ಪಿಸಿಕೊಳ್ಳಿ. ದಿನಕ್ಕೆ ಎಂಟು ತಾಸಿನಂತೆ ಇಪ್ಪತ್ತಾರು ದಿನ ದುಡಿದರೆ 208 ತಾಸು. ಅಂದರೆ ತಾಸೊಂದಕ್ಕೆ ಹದಿನಾಲ್ಕೂವರೆ ರಿಯಾಲಿಗಿಂತ ಸ್ವಲ್ಪ ಕಡಿಮೆ. ಅವರು 144 ರಿಯಾಲಿನ ಒಂದು ಹೊಸ ಮಿಕ್ಸಿಯನ್ನು, ಹಳೆಯದು ಚೆನ್ನಾಗಿರುವಾಗಲೇ, ಕೊಂಡುಕೊಂಡರೆ ಅದಕ್ಕೆ ತೆತ್ತ ಬೆಲೆ ಹತ್ತು ತಾಸುಗಳ ದುಡಿಮೆ. ಇದೇ ರೀತಿ ತಿಂಗಳಿಗೆ ಕೇವಲ 300 ರಿಯಾಲ್ ಅನಗತ್ಯ ಸಾಮಾನಿಗೆ ಹೋದರೆ ವರ್ಷಕ್ಕೆ 3,600, ಹತ್ತು ವರ್ಷಗಳಿಗೆ 36,000 ರಿಯಾಲ್. ಅದು ಆ ಸಹೋದರರ ಭರ್ತಿ ಹನ್ನೆರಡು ತಿಂಗಳ ಸಂಬಳ. ಹತ್ತು ವರ್ಷಗಳಲ್ಲಿ ಒಂದು ಇಡೀ ವರ್ಷ ಅವರು ಮನೆಯವರಿಗಾಗಿ ದುಡಿದಿಲ್ಲ, ತನಗಾಗಿಯೂ ದುಡಿದಿಲ್ಲ. ಅಟ್ಟದ ಮೇಲೆ ಧೂಳು ಹಿಡಿದಿರುವ ಪೆಟ್ಟಿಗೆಗಳಿಗಾಗಿ, ಕಸದ ತೊಟ್ಟಿಗೆ ಬಿದ್ದ ಆಹಾರಕ್ಕಾಗಿ ದುಡಿದಿದ್ದಾರೆ. ಆ ಒಂದು ವರ್ಷದಲ್ಲಿ ಊರಿನಲ್ಲಿ ತಾಯಿಗೆ ಒಂದು ವರ್ಷ ವಯಸ್ಸಾಗಿರುತ್ತದೆ. ಮಗು ಅಪ್ಪನಿಲ್ಲದೆ ಒಂದು ತರಗತಿ ಮೇಲೇರಿರುತ್ತದೆ. ಆದುದರಿಂದ ರಿಯಾಲನ್ನು ರೂಪಾಯಿಗೆ ಗುಣಿಸುವ ಅಭ್ಯಾಸಕ್ಕೆ ಬದಲಾಗಿ ಅದನ್ನು ತಾಸುಗಳಿಗೆ ಭಾಗಿಸುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕಾಗಿದೆ.

ಇಂತಹ ಲೆಕ್ಕ ಇಂದು ಹಿಂದೆಂದಿಗಿಂತಲೂ ಅಗತ್ಯ. ತೆರಿಗೆಯೇ ಇಲ್ಲದ ನಾಡೆಂದು ಭಾವಿಸಿ ಬಂದವರು ನಾವು. 2018ರ ಜನವರಿ 1ರಿಂದ ಸೌದಿ ಮತ್ತು ಯು.ಎ.ಇ.ಗಳಲ್ಲಿ ಶೇ. 5ರ ಮೌಲ್ಯವರ್ಧಿತ ತೆರಿಗೆ ಬಂತು. ಸೌದಿಯಲ್ಲಿ 2020ರ ಜುಲೈ 1ರಿಂದ ಅದು ಶೇ. 15ಕ್ಕೇರಿತು. ಅದಕ್ಕೂ ಮೊದಲು, 2017ರ ಜುಲೈಯಲ್ಲಿ, ಪ್ರತಿಯೊಬ್ಬ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್‌ನಂತೆ ಶುಲ್ಕ ಆರಂಭವಾಗಿ 2020ರ ಹೊತ್ತಿಗೆ 400 ರಿಯಾಲ್ ಆಯಿತು. ಪತ್ನಿ ಮತ್ತು ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 14,400 ರಿಯಾಲ್. ಎಷ್ಟೋ ಕುಟುಂಬಗಳು ಆ ವರ್ಷಗಳಲ್ಲಿ ಗಂಟುಮೂಟೆ ಕಟ್ಟಿದ್ದನ್ನು ನಾವು ಕಂಡಿದ್ದೇವೆ. ಸಂಬಳ ನಿಂತಲ್ಲೇ ನಿಂತಿರುವಾಗ ಖರ್ಚಿನ ಹಳೆಯ ರೂಢಿಗಳನ್ನು ಮುಂದುವರಿಸಿದರೆ ಆ ಅಂತರವನ್ನು ತುಂಬುವುದು ಸಾಲ. ಕ್ರೆಡಿಟ್ ಕಾರ್ಡು ಇದೆ, ಈಗ ಕೊಂಡು ನಾಲ್ಕು ಕಂತುಗಳಲ್ಲಿ ಪಾವತಿಸುವ ಫೋನಿನ ವ್ಯವಸ್ಥೆಗಳಿವೆ. ಕಂತಿಗೆ ಬಡ್ಡಿಯಿಲ್ಲವೆಂದು ಸಮಾಧಾನ ಪಟ್ಟುಕೊಂಡರೂ ಮುಂದಿನ ತಿಂಗಳ ಸಂಬಳ ಇಂದೇ ಖರ್ಚಾಗಿರುತ್ತದೆ. ಇನ್ನು ಕಾರ್ಡಿನ ಬಾಕಿಯನ್ನು ಪೂರ್ತಿಯಾಗಿ ತೀರಿಸದೆ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಹೋಗುವವರು ಯಾವ ಸುಳಿಗೆ ಸಿಲುಕುತ್ತಾರೆಂಬುದನ್ನು ಬಡ್ಡಿಯ ಕೇಡನ್ನು ಬಲ್ಲ ಈ ಸಭೆಗೆ ವಿವರಿಸಬೇಕಾಗಿಲ್ಲ.

ಬೆಲೆಗಳ ಏರಿಳಿತಕ್ಕೆ ಕಾರಣಗಳು ಹಲವು ಬಾರಿ ನಮ್ಮ ಊರಿನಲ್ಲಿಯೇ ಇರುತ್ತವೆ. 2019ರ ಸೆಪ್ಟೆಂಬರ್‌ನಲ್ಲಿಯೂ 2023ರ ಡಿಸೆಂಬರ್‌ನಲ್ಲಿಯೂ ಭಾರತ ಸರಕಾರ ಈರುಳ್ಳಿಯ ರಫ್ತನ್ನು ನಿಷೇಧಿಸಿತು. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬೆಳ್ತಿಗೆ ಅಕ್ಕಿಯ ರಫ್ತು ನಿಂತಿತು. ಮರುತಿಂಗಳು ಕುಚ್ಚಲಕ್ಕಿಯ ಮೇಲೆ ಶೇ. 20ರ ರಫ್ತು ಸುಂಕ ಬಿತ್ತು. ಗಂಜಿಯಿಲ್ಲದೆ ದಿನ ಕಳೆಯಲಾರದ ಕರಾವಳಿಯವರಿಗೆ ಇದು ಅಡುಗೆಮನೆಯ ಸುದ್ದಿ. 2024ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಈ ನಿರ್ಬಂಧಗಳು ತೆರವಾದವು. ಊರಿನ ಬಡವನ ತಟ್ಟೆಗೆ ಅಕ್ಕಿ ಅಗ್ಗವಾಗಿ ಸಿಗಲೆಂದು ಕೈಗೊಂಡ ಕ್ರಮದ ಭಾರದಲ್ಲಿ ಒಂದು ಪಾಲನ್ನು ಇಲ್ಲಿ ನಾವೂ ಹೊರಬೇಕಾಗುತ್ತದೆ. ಅದಕ್ಕೆ ಅಂಗಡಿಯ ಹುಡುಗನ ಮೇಲೆ ರೇಗುವುದು ನ್ಯಾಯವಲ್ಲ.

ಕೊರತೆಯ ದಿನಗಳಲ್ಲಿ ನಮ್ಮ ನಡತೆಯ ನಿಜವಾದ ಪರೀಕ್ಷೆ ನಡೆಯುತ್ತದೆ. 2017ರ ಜೂನ್ 5ರಂದು ನೆರೆಯ ದೇಶಗಳು ಕತರ್‌ನೊಂದಿಗಿನ ಸಂಬಂಧ ಕಡಿದುಕೊಂಡು ಗಡಿ ಮುಚ್ಚಿದವು. ಅದು ರಮದಾನಿನ ಸಮಯ. ಹಾಲು ಮತ್ತು ಆಹಾರದ ದೊಡ್ಡ ಭಾಗ ಸೌದಿಯ ಗಡಿ ದಾಟಿ ಬರುತ್ತಿದ್ದ ದೋಹಾದಲ್ಲಿ ಗಂಟೆಗಳೊಳಗೆ ಕಪಾಟುಗಳು ಬರಿದಾದವು. ಕೆಲವೇ ದಿನಗಳಲ್ಲಿ ತುರ್ಕಿ ಮತ್ತು ಇರಾನಿನಿಂದ ಆಹಾರ ಬಂದಿಳಿಯಿತು. ಮುಂದೆ ಹಸುಗಳನ್ನೇ ವಿಮಾನದಲ್ಲಿ ತಂದು ಹಾಲಿನ ಉತ್ಪಾದನೆ ಬೆಳೆಸಲಾಯಿತು. ಮೊದಲ ದಿನದ ಗಾಬರಿಯಲ್ಲಿ ಟ್ರಾಲಿ ತುಂಬಿಸಿಕೊಂಡವರ ಮನೆಯಲ್ಲಿ ಸಾಮಾನು ಮಿಕ್ಕಿರಬಹುದು. ಕೆಲಸ ಮುಗಿಸಿ ರಾತ್ರಿ ಅಂಗಡಿಗೆ ಬಂದ ಕೂಲಿಕಾರನಿಗೆ ಮಾತ್ರ ಖಾಲಿ ಕಪಾಟು ಕಂಡಿರಬೇಕು. ಕಾರು ಮತ್ತು ಫ್ರೀಜರ್ ಇರುವವನು ತಿಂಗಳಿಗಾಗುವಷ್ಟು ಕೊಳ್ಳಬಲ್ಲ. ದಿನಗೂಲಿಯವನು ಅಂದಂದಿನದನ್ನು ಮಾತ್ರ ಕೊಳ್ಳಬಲ್ಲ. ಅಗತ್ಯಕ್ಕಿಂತ ಹೆಚ್ಚು ಶೇಖರಿಸುವಾಗ ನಾವು ಯಾರ ಪಾಲನ್ನು ತೆಗೆದುಕೊಳ್ಳುತ್ತಿದ್ದೇವೆ ಎಂದು ಆಲೋಚಿಸಬೇಡವೇ?

ಇಲ್ಲಿ ಬಕಾಲದವರ ಬಗ್ಗೆ ಒಂದು ಮಾತು. ಬೀದಿಯ ಮೂಲೆಯ ಆ ಪುಟ್ಟ ಅಂಗಡಿಯಲ್ಲಿ ಬೆಳಗಿನಿಂದ ನಡುರಾತ್ರಿಯ ತನಕ ನಿಲ್ಲುವವನು ಮಲಬಾರಿನವನೋ ಬಾಂಗ್ಲಾದವನೋ ಯಮನಿನವನೋ ನಮ್ಮೂರಿನವನೋ ಆಗಿರುತ್ತಾನೆ. ಅವನ ಗಲ್ಲಾದ ಕೆಳಗೊಂದು ಪುಸ್ತಕವಿದೆ. ಅದರಲ್ಲಿ ನಮ್ಮ ಕೋಣೆಯ ಸಂಖ್ಯೆಯಿದೆ. 2016ರಲ್ಲಿ ತೈಲ ಬೆಲೆ ಕುಸಿದು ಹಲವು ನಿರ್ಮಾಣ ಕಂಪೆನಿಗಳ ಸಾವಿರಾರು ಭಾರತೀಯ ಕಾರ್ಮಿಕರಿಗೆ ತಿಂಗಳುಗಟ್ಟಲೆ ಸಂಬಳ ಸಿಗದಾದಾಗ ಜಿದ್ದಾದಲ್ಲಿ ಭಾರತೀಯ ದೂತಾವಾಸವೂ ಅನಿವಾಸಿ ಭಾರತೀಯರೂ ಸೇರಿ ಶಿಬಿರಗಳಿಗೆ ಅಕ್ಕಿ ಬೇಳೆ ಹಂಚಬೇಕಾಯಿತು. ಅಂತಹ ಸುದ್ದಿ ಪತ್ರಿಕೆಗಳಿಗೆ ತಲುಪುವ ಮೊದಲು ಬಡ ಕಾರ್ಮಿಕನ ಹಸಿವು ತಲುಪುವುದು ಬಕಾಲದ ಆ ಪುಸ್ತಕಕ್ಕೆ. ಸಂಬಳ ಬಂದ ಮೇಲೆ ಕೊಡು ಎಂದು ಕುಬೂಸ್ ಮತ್ತು ಮೊಟ್ಟೆ ಕೊಡುವವನು ಅವನೇ. ಆದರೆ ನಮ್ಮಲ್ಲಿ ಕೆಲವರು ಏನು ಮಾಡುತ್ತಾರೆ? ನಗದು ಕೈಯಲ್ಲಿರುವಾಗ ಹೈಪರ್ ಮಾರ್ಕೆಟಿನ ಆಫರಿಗೆ ಓಡುತ್ತಾರೆ, ಕೈ ಬರಿದಾದಾಗ ಬಕಾಲಕ್ಕೆ ಬರುತ್ತಾರೆ. ಇನ್ನು ಕೆಲವರು ಪುಸ್ತಕದ ಬಾಕಿ ತೀರಿಸದೆಯೇ ಶಾಶ್ವತವಾಗಿ ವಿಮಾನವೇರುತ್ತಾರೆ. ಅವರ ಪೆಟ್ಟಿಗೆಗಳಲ್ಲಿ ನೆಂಟರಿಗಾಗಿ ಚಾಕಲೇಟು ಇರುತ್ತದೆ. ಬಕಾಲದ ಹುಡುಗ ಆ ಬಾಕಿಯನ್ನು ತನ್ನ ಸಂಬಳದಿಂದ ಮಾಲಕನಿಗೆ ತುಂಬುತ್ತಾನೆ. ಸಾಲ ತೀರಿಸುವ ವಿಷಯದಲ್ಲಿ ಇಸ್ಲಾಮ್ ಎಷ್ಟು ಕಟ್ಟುನಿಟ್ಟಾಗಿದೆಯೆಂದು ಬಲ್ಲವರು ಇಂತಹ ಚಾಕಲೇಟನ್ನು ಮಕ್ಕಳ ಕೈಗೆ ಹೇಗೆ ಕೊಡುತ್ತಾರೆ?

ರಮದಾನ್ ಬಂದಾಗ ಹೇಳಬೇಕಾದ ಮಾತನ್ನು ಇಂದೇ ಹೇಳಿಬಿಡುತ್ತೇವೆ. ಉಪವಾಸದ ತಿಂಗಳಲ್ಲಿ ಆಹಾರದ ಖರೀದಿ ಕಡಿಮೆಯಾಗಬೇಕು. ನಮ್ಮಲ್ಲಿ ಅದು ಹೆಚ್ಚಾಗುತ್ತದೆ. ಸೌದಿ ಧಾನ್ಯ ಸಂಸ್ಥೆ ನಡೆಸಿದ ಸಮೀಕ್ಷೆಯ ಪ್ರಕಾರ ಈ ನಾಡಿನ ಆಹಾರದಲ್ಲಿ ಸುಮಾರು ಮೂರನೆಯ ಒಂದು ಭಾಗ ನಷ್ಟವಾಗಿ ಅಥವಾ ಕಸವಾಗಿ ಹೋಗುತ್ತದೆ. ಆ ಕಸದಲ್ಲಿ ನಮ್ಮ ಸುಫ್ರಾದ ಮೇಲೆ ಉಳಿದದ್ದೂ ಸೇರಿದೆ. ದುಂದುವೆಚ್ಚವನ್ನೂ ಜಿಪುಣತನವನ್ನೂ ಒಟ್ಟಿಗೆ ವಿರೋಧಿಸಿ ನಡುದಾರಿಯನ್ನು ಕಲಿಸಿದ ಧರ್ಮದ ಅನುಯಾಯಿಗಳು ನಾವೆಂಬುದನ್ನು ಮರೆಯಬಾರದು.

ಊರಿನಿಂದ ಮರಳುವಾಗ ತರುವ ಸಾಮಾನುಗಳ ಬಗ್ಗೆಯೂ ಎಚ್ಚರ ಬೇಕು. ಬ್ಯಾಡಗಿ ಮೆಣಸಿನ ಹುಡಿ, ಹಪ್ಪಳ, ಉಪ್ಪಿನಕಾಯಿ ತರುವುದು ಸರಿಯೇ. ಆದರೆ ನಮ್ಮ ಅಡುಗೆಯಲ್ಲಿ ಸಹಜವಾಗಿರುವ ಗಸಗಸೆ ಸೌದಿ, ಯು.ಎ.ಇ. ಮತ್ತು ಕತರ್‌ಗಳಲ್ಲಿ ನಿಷಿದ್ಧ. ಅಫೀಮಿನ ಗಿಡದ ಬೀಜವೆಂಬ ಕಾರಣಕ್ಕೆ ಅದನ್ನು ಮಾದಕ ವಸ್ತುಗಳ ಕಾನೂನಿನಡಿ ಪರಿಗಣಿಸಲಾಗುತ್ತದೆ. ತಾಯಿ ಪ್ರೀತಿಯಿಂದ ಕಟ್ಟಿಕೊಟ್ಟ ಮಸಾಲೆಯ ಪೊಟ್ಟಣವೇ ಮಗನನ್ನು ಜೈಲಿಗೆ ಕಳುಹಿಸಬಲ್ಲದು. ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ತರಬೇಡಿ. ಬೇರೆಯವರು ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಸ್ವೀಕರಿಸಬೇಡಿ. ಮುಖ ದಾಕ್ಷಿಣ್ಯಕ್ಕೆ ಬಿದ್ದು ಬದುಕನ್ನೇ ಕಳೆದುಕೊಂಡವರಿದ್ದಾರೆ.

ಈ ವಿಷಯದಲ್ಲಿ ತಪ್ಪನ್ನು ಸಹೋದರಿಯರ ಮೇಲೆ ಹೊರಿಸುವುದು ಪುರುಷರ ರೂಢಿ. ವಾಸ್ತವದಲ್ಲಿ ಸಂಬಳ ಎಷ್ಟು, ಸಾಲ ಎಷ್ಟು ಎಂಬುದನ್ನು ಮಡದಿಗೆ ತಿಳಿಸದವರು ನಾವೇ. ಬಕೆಟು ಮತ್ತು ತಟ್ಟೆಯ ಬಗ್ಗೆ ದೂರುವ ನಾವು ವರ್ಷಕ್ಕೊಂದು ಮೊಬೈಲ್ ಬದಲಾಯಿಸುತ್ತೇವೆ. ಲೆಕ್ಕ ತಿಳಿದ ಗೃಹಿಣಿ ಮನೆಯನ್ನು ನಮಗಿಂತ ಚೆನ್ನಾಗಿ ನಡೆಸಬಲ್ಲಳು. ಊರಿನಲ್ಲಿರುವ ಮನೆಯವರಿಗೂ ನಮ್ಮ ನಿಜ ಸ್ಥಿತಿ ಗೊತ್ತಿರಬೇಕು. ಗಲ್ಫಿನಲ್ಲಿ ಹಣದ ಮರವಿದೆಯೆಂಬ ಕಲ್ಪನೆಯನ್ನು ಅವರಲ್ಲಿ ಬೆಳೆಸಿದ್ದು ನಮ್ಮ ಪೆಟ್ಟಿಗೆಗಳೇ.

ಕೊನೆಯದಾಗಿ ಕೆಲವು ಸಲಹೆಗಳು. ಪಟ್ಟಿಯಿಲ್ಲದೆ ಮತ್ತು ಹಸಿದ ಹೊಟ್ಟೆಯಲ್ಲಿ ಮಾರುಕಟ್ಟೆಗೆ ಹೋಗಬೇಡಿ. ಬಿಲ್ಲುಗಳನ್ನು ಎಸೆಯದೆ ತಿಂಗಳ ಕೊನೆಯಲ್ಲಿ ಗಂಡ ಹೆಂಡತಿ ಒಟ್ಟಿಗೆ ಕುಳಿತು ಕೂಡಿಸಿ ನೋಡಿ. ಆಫರಿನ ವಸ್ತುವಿನ ಮೇಲೆ ಕೊನೆಯ ದಿನಾಂಕ ನೋಡಿ. ಅಕ್ಕಿ ಎಣ್ಣೆಗಳನ್ನು ಎರಡು ಮೂರು ಕುಟುಂಬಗಳು ಸೇರಿ ದೊಡ್ಡ ಪ್ರಮಾಣದಲ್ಲಿ ಕೊಂಡು ಹಂಚಿಕೊಳ್ಳಿ. ಮೀನು ತರಕಾರಿಗೆ ಬೆಳಗಿನ ಸಗಟು ಮಾರುಕಟ್ಟೆಗೆ ಸರದಿಯಂತೆ ಒಬ್ಬರು ಹೋಗಿಬನ್ನಿ. ಕತೀಫ್‌ನ ಮೀನಿನ ಪೇಟೆ ನಮ್ಮಿಂದ ದೂರವೇನಿಲ್ಲ. ಅಲ್ಲಿ ಕನಾದ್ ಎಂದು ಕರೆಯುವುದು ನಮ್ಮ ಅಂಜಲ್ ಮೀನನ್ನೇ. ಬಕಾಲದ ಬಾಕಿಯನ್ನು ಸಂಬಳ ಬಂದ ದಿನವೇ ತೀರಿಸಿ. ರಜೆಗೆ ಹೊರಡುವಾಗ ಪೆಟ್ಟಿಗೆಗೆ ಒಂದು ಮಿತಿ ಹಾಕಿಕೊಂಡು, ಉಳಿದ ಹಣವನ್ನು ಯಾರಿಗೂ ತೋರಿಸದೆ ಮಗಳ ಶಿಕ್ಷಣಕ್ಕೆ, ತಾಯಿಯ ಚಿಕಿತ್ಸೆಗೆ, ಊರಿನಲ್ಲೊಂದು ಸಣ್ಣ ಉದ್ಯೋಗದ ಬಂಡವಾಳಕ್ಕೆ ತೆಗೆದಿಡಿ.

ನಮ್ಮ ಹಿರಿಯರು ಒಂದು ಹಾಸಿಗೆ, ಒಂದು ಪೆಟ್ಟಿಗೆಯೊಂದಿಗೆ ಇಲ್ಲಿಗೆ ಬಂದರು. ಐದು ವರ್ಷಗಳಲ್ಲಿ ಮರಳುತ್ತೇವೆಂದು ಹೇಳಿ ಬಂದವರು ಇಪ್ಪತ್ತೈದು ವರ್ಷ ಉಳಿದರು. ಅದಕ್ಕೆ ತಂಗಿಯರ ಮದುವೆ, ಮನೆಯ ನಿರ್ಮಾಣ, ಹಲವು ಅನಿವಾರ್ಯ ಕಾರಣಗಳಿದ್ದವು. ಆದರೆ ಯಾವ ಕಾರಣವೂ ಇಲ್ಲದೆ, ಕೇವಲ ಟ್ರಾಲಿ ತುಂಬಿದ್ದರಿಂದ ನಮ್ಮ ಮರಳುವಿಕೆ ಮುಂದೂಡಿ ಹೋಗಬಾರದು. ಇನ್ನು ಸ್ವಲ್ಪ ಹೊತ್ತಿನಲ್ಲಿ ನಾವೆಲ್ಲರೂ ಮಾರುಕಟ್ಟೆಗೆ ಹೋಗಲಿದ್ದೇವೆ. ಗಲ್ಲಾದ ಮುಂದೆ ಸರದಿಯಲ್ಲಿ ನಿಂತಾಗ ಒಮ್ಮೆ ಟ್ರಾಲಿಯೊಳಗೆ ನೋಡಿ, ಇದರಲ್ಲಿ ಎಷ್ಟು ದಿನಗಳ ದುಡಿಮೆಯಿದೆಯೆಂದು ಲೆಕ್ಕ ಹಾಕಿ. ಮರಳಿ ಇಡಬೇಕೆನಿಸಿದ್ದನ್ನು ನಾಚಿಕೆಯಿಲ್ಲದೆ ಮರಳಿ ಇಡಿ.